ಹಳೇ ಮನೆಯನ್ನು ಆಷಾಢದಲ್ಲಿ ನೋಡಿ

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಕಡೆ ಒಂದು ಹೆಂಚಿನ ಹಳೇ ಮನೆ ಕೊಳ್ಳಬೇಕು ಅಂತ ಆಸೆ ಇರುವವರು ಕೈ ಎತ್ತಿ. ಪರವಾಗಿಲ್ಲ, ಜಾಸ್ತಿಯೇ ಇದ್ದೀರಿ!

ಹಾಗಾದರೆ ಆಷಾಢದಲ್ಲಿ ಹೋಗಿ ನೋಡಿ. ಆಗ ಯಾರೂ ವ್ಯವಹಾರಕ್ಕೆ ಕೈ ಹಾಕುವುದಿಲ್ಲ, ಹಾಗಾಗಿ ದಲ್ಲಾಳಿಯೂ ಅಡ್ವಾನ್ಸ್‌ಗೆ ಅವಸರ ಮಾಡುವುದಿಲ್ಲ. ಸಾಗರ, ತೀರ್ಥಹಳ್ಳಿ ಕಡೆ ಜಡಿಮಳೆ ಹಿಡಿದಾಗ ಮನೆ ಎಲ್ಲಿ ಸೋರುತ್ತದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಫೆಬ್ರವರಿಯಲ್ಲಿ ಸುಣ್ಣ ಬಳಿದು ತೋರಿಸಿದರೆ ಎಲ್ಲ ಮನೆಯೂ ಚೆಂದವೇ, ಅಲ್ವಾ?

ಖರ್ಚಿನ ಲೆಕ್ಕವನ್ನು ಮಾಡಿನಿಂದ, ಅಂದರೆ ಚಾವಣಿಯಿಂದ, ಶುರು ಮಾಡಿ. ಟೈಲ್ಸು, ಬಣ್ಣ, ಅಡುಗೆಮನೆ ಎಲ್ಲ ಆಮೇಲೆ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ. 200 ಚದರ ಮೀಟರ್ ಮಾಡಾದರೆ 3,000 ಹೆಂಚು. ಒಂದೊಂದೂ ಎರಡು ಕೆಜಿ ಮೇಲಿರುತ್ತದೆ, ಅಂದರೆ ಆರು ಟನ್ನಿಗಿಂತ ಜಾಸ್ತಿ ಭಾರ. ಒಡೆದ ಹೆಂಚನ್ನು ಬದಲಾಯಿಸಿದರಾಯಿತು ಅಂತ ಮಾರುವವರು ಸುಲಭವಾಗಿ ಹೇಳುತ್ತಾರೆ. ಆದರೆ 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಹುಟ್ಟಿಕೊಂಡವು. ಒಬ್ಬೊಬ್ಬರ ಅಚ್ಚೂ ಕೂದಲೆಳೆಯಷ್ಟು ಬೇರೆ. ಅವುಗಳಲ್ಲಿ ಬಹಳಷ್ಟು ಈಗ ಮುಚ್ಚಿವೆ. ಬೇರೆ ಅಚ್ಚಿನ ಹೆಂಚು ಸರಿಯಾಗಿ ಕೂರದಿದ್ದರೆ ಸಂದಿಯಲ್ಲೇ ನೀರು ಇಳಿಯುತ್ತದೆ. ಹೆಂಚಿನ ಮೇಲೆ ಕಾರ್ಖಾನೆ ಹೆಸರು ಒತ್ತಿರುತ್ತದೆ, ಓದಿಕೊಂಡು ಬನ್ನಿ.

ಇನ್ನು ಆ ಭಾರ ಹೊರುವ ಮರ. ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡು ಏಣಿ ಹತ್ತಿ. ನಡುವೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪಕಾಸಿಯ, ಅಂದರೆ ಮಾಡಿನ ಇಳಿಜಾರು ಮರದ, ತುದಿ ಗೋಡೆಯ ಮೇಲೆ ಕೂರುವ ಜಾಗ ಇದೆಯಲ್ಲ, ಅಲ್ಲಿ ಚುಚ್ಚಿ. ಮೊನೆ ಅಲ್ಲೇ ನಿಂತರೆ ಸರಿ. ಸುಮ್ನೆ ಒಳಗೆ ಇಳಿದು, ಹೊರಗೆ ತೆಗೆದಾಗ ಪುಡಿ ಉದುರಿದರೆ ಗೆದ್ದಲು ಮೇಲಿನ ಸಿಪ್ಪೆ ಮಾತ್ರ ಬಿಟ್ಟಿದೆ ಅಂತ ಅರ್ಥ. ಹೊಸದಾಗಿ ಬಣ್ಣ ಹೊಡೆದ ಮರವನ್ನು ಇನ್ನೂ ಎರಡು ಸಲ ಚುಚ್ಚಿ. ಮಾಲೀಕರು ಬೇಜಾರು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ಎರಡು ಪಕಾಸಿ ಹೋಗಿದ್ದರೆ ಬಡಗಿ ಸಾಕು. ಸಾಲಾಗಿ ಹೋಗಿದ್ದರೆ ಇಡೀ ಮಾಡು ಇಳಿಸಬೇಕು. ಆಗ ನೀವು ಕೊಳ್ಳುತ್ತಿರುವುದು ಜಾಗ ಮತ್ತು ನಾಲ್ಕು ಗೋಡೆ ಮಾತ್ರ, ಬೆಲೆಯನ್ನೂ ಹಾಗೇ ಮಾತಾಡಿ.

ಆ ನಾಲ್ಕು ಗೋಡೆಯೂ ಮಣ್ಣಿನದಾದರೆ ಒಂದು ತೊಂದರೆ. ಚೆಂದ ಕಾಣಲಿ ಅಂತ ಯಾರೋ ಸಿಮೆಂಟ್ ಮೆತ್ತಿರುತ್ತಾರೆ. ನೆಲದಿಂದ ಏರಿದ ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲದೆ ಗೋಡೆ ಒಳಗೊಳಗೇ ಮೆತ್ತಗಾಗುತ್ತದೆ. ಮೊಣಕಾಲೆತ್ತರದಲ್ಲಿ ಕುಟ್ಟಿ, ಟೊಳ್ಳು ಸದ್ದು ಬಂದರೆ ಗಾರೆ ಕಿತ್ತು ಮತ್ತೆ ಸುಣ್ಣದ ಗಾರೆಗೇ ಹೋಗಬೇಕು. ಆ ಕೆಲಸ ಗೊತ್ತಿರುವ ಗಾರೆಯವರು ಸುಲಭಕ್ಕೆ ಸಿಗುವುದಿಲ್ಲ. ಅರ್ತಿಂಗ್ ಇಲ್ಲದ ಹಳೇ ವೈರಿಂಗ್ ಬಗ್ಗೆ ಚರ್ಚೆಯೇ ಬೇಡ, ಪೂರ್ತಿ ಹೊಸದು ಅಂತಲೇ ಲೆಕ್ಕ ಹಾಕಿ.

ಬಂದ ಎಸ್ಟಿಮೇಟಿನ ಮೇಲೆ ನಾನಂತೂ ಮೂರನೇ ಒಂದು ಪಾಲು ಸೇರಿಸುತ್ತೇನೆ. ಕಿತ್ತ ಮೇಲೆ ಕಾಣುವ ಕೆಲಸಕ್ಕೆ ಅದು. ರಿಪೇರಿ ಮುಗಿಯುವ ತನಕ ಬೇರೆ ಮನೆಯ ಬಾಡಿಗೆ, ಇತ್ತ ಸಾಲದ ಕಂತು, ಎರಡೂ ಒಟ್ಟಿಗೆ ನಡೆಯುತ್ತವೆ. ಇದನ್ನು ಲೆಕ್ಕಕ್ಕೆ ಹಿಡಿಯದವರೇ ಜಾಸ್ತಿ.

ಕಾಗದದ ವಿಷಯ ವಕೀಲರಿಗೆ ಬಿಡಿ. ಎರಡು ಮಾತು ಮಾತ್ರ ನೀವೇ ಕೇಳಿ. ಗ್ರಾಮ ಪಂಚಾಯಿತಿ ಮನೆಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರಂ 9, 11 ಇದೆಯಾ? ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳ ಸಹಿ ಇದೆಯಾ? ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ಕ್ಕೆ ಮೊದಲು ತಂದೆ ತೀರಿಕೊಂಡಿದ್ದರೂ ಅದು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಕ್ಕತಂಗಿಯರು ಏನೂ ಕೇಳುವುದಿಲ್ಲ ಬಿಡಿ ಅನ್ನುವ ಬಾಯಿಮಾತಿಗೆ ಹಣ ಕೊಡಬೇಡಿ.

ಕರಾರು ಬರೆಸುವಾಗ ಇನ್ನೊಂದು. ನೀವು ಮನಸೋತಿದ್ದು ಆ ಕೆತ್ತನೆಯ ಬಾಗಿಲಿಗೆ, ತೊಟ್ಟಿಯ ಕಂಬಗಳಿಗೆ ತಾನೇ? ಹಳೇ ಸಾಮಾನಿನ ವ್ಯಾಪಾರಿಗಳಿಗೂ ಬೇಕಾಗಿದ್ದು ಅವೇ. ಕರಾರಿಗೂ ನೋಂದಣಿಗೂ ನಡುವೆ ಕಂಬ ಹೋಗಿ ಸಿಮೆಂಟ್ ಪೈಪು ನಿಂತಿರಬಹುದು. ಕಂಬ, ಬಾಗಿಲು, ಉಯ್ಯಾಲೆ, ಒರಳುಕಲ್ಲು ಎಲ್ಲವನ್ನೂ ಫೋಟೊ ತೆಗೆದು, ಪಟ್ಟಿ ಮಾಡಿ, ಕರಾರಿಗೆ ಲಗತ್ತಿಸಿ. ಸರಿ, ಈಗ ನಿಮ್ಮ ಪ್ರಶ್ನೆಗಳು.