ಬಿ ಬ್ಲಾಕ್ ಪಾರ್ಕ್ ಸುತ್ತ ಒಂದು ರೌಂಡ್ | ದಾವಣಗೆರೆ ವ್ಲಾಗ್

ನಮಸ್ಕಾರ ಎಲ್ಲರಿಗೂ. ಇದು ದಾವಣಗೆರೆಯ ಎಂಸಿಸಿ ಬಿ ಬ್ಲಾಕ್ ಬಡಾವಣೆ. ಬೆಳಿಗ್ಗೆ ಆರೂವರೆ ಆಗಿದೆ. ಎದುರಿಗೆ ಕಾಣುತ್ತಿರುವುದು ಪಾರ್ಕಿನ ಗೇಟು. ಮೊದಲೇ ಹೇಳಿಬಿಡುತ್ತೇನೆ, ಇವತ್ತು ಬೆಣ್ಣೆ ದೋಸೆ ಇಲ್ಲ. ದಾವಣಗೆರೆ ಅಂದ ಕೂಡಲೇ ಎಲ್ಲರೂ ಕಾವಲಿ ಮುಂದೆ ಕ್ಯಾಮೆರಾ ಹಿಡಿದು ನಿಲ್ಲುತ್ತಾರೆ. ಈ ಊರಿನಲ್ಲಿ ದೋಸೆ ಬಿಟ್ಟು ಮನುಷ್ಯರೂ ಇದ್ದಾರೆ. ಅವರು ಎಲ್ಲಿಂದ ಬಂದರು, ಈ ಪಾರ್ಕ್ ಸುತ್ತ ಈಗ ಯಾರ‍್ಯಾರು ಇದ್ದಾರೆ, ಇವತ್ತು ಅದನ್ನೇ ನೋಡೋಣ.

ವಾಕಿಂಗ್ ಮಾಡುವವರನ್ನು ನೋಡಿ. ಎಲ್ಲರೂ ಒಂದೇ ದಿಕ್ಕಿಗೆ ಸುತ್ತುತ್ತಾರೆ. ಹಾಗೇ ಸುತ್ತಬೇಕು ಅಂತ ಎಲ್ಲೂ ಬೋರ್ಡ್ ಇಲ್ಲ. ನಾನು ಎದುರಿಂದ ಕ್ಯಾಮೆರಾ ಹಿಡಿದು ಬಂದಿದ್ದಕ್ಕೆ ಒಬ್ಬ ಅಂಕಲ್ ನಿಂತೇ ಬಿಟ್ಟರು. "ರಾಂಗ್ ಸೈಡ್ ಯಾಕ್ರೀ ಬರ್ತೀರಿ?" ಊರಿನ ದೊಡ್ಡ ರಸ್ತೆ ಪಿ.ಬಿ. ರೋಡಿನಲ್ಲಿ ಇಷ್ಟು ಶಿಸ್ತು ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ. ಸರಿ, ನಾನೂ ತಿರುಗಿದೆ.

ಬೆಳಗಿನ ಹೊತ್ತು ಇಲ್ಲಿ ಅರವತ್ತು ದಾಟಿದವರೇ ಜಾಸ್ತಿ. ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಡಾಕ್ಟರು, ಅಡಿಕೆ ತೋಟ ಊರಲ್ಲಿ ಬಿಟ್ಟು ಮಕ್ಕಳ ಓದಿಗೆ ಅಂತ ಬಂದು ಇಲ್ಲೇ ಉಳಿದವರು. ವ್ಯಾಯಾಮದ ಕಬ್ಬಿಣದ ಯಂತ್ರಗಳ ಮೇಲೆ ಕೂತು ಪೇಪರ್ ಓದುತ್ತಾರೆ. ಈ ಓಪನ್ ಜಿಮ್ ಸುಮ್ನೆ ದುಡ್ಡು ದಂಡ ಅಂತ ನಾನು ಹಿಂದೊಂದು ವಿಡಿಯೊದಲ್ಲಿ ಬೈದಿದ್ದೆ. ಈಗ ಹಾಗನ್ನಿಸುವುದಿಲ್ಲ. ಬೆನ್ನಿಗೆ ಒರಗು ಇರುವ ಕುರ್ಚಿ ಪಾರ್ಕಿನಲ್ಲಿ ಬೇರೆ ಎಲ್ಲಿದೆ?

ಈಗ ಸ್ವಲ್ಪ ಇತಿಹಾಸ. ಈ ಶಾಟ್ ಮುಗಿಯುವುದರೊಳಗೆ ಹೇಳಿ ಮುಗಿಸುತ್ತೇನೆ.

ದಾವಣಗೆರೆ ಮೊದಲಿಗೆ ದೊಡ್ಡ ಊರೇನೂ ಅಲ್ಲ. 18ನೇ ಶತಮಾನದಲ್ಲಿ ಹೈದರ್ ಅಲಿ ಇದನ್ನು ಅಪೋಜಿರಾಮ್ ಅನ್ನುವ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಅವನು ಮಾಡಿದ ಬುದ್ಧಿವಂತ ಕೆಲಸ ಒಂದೇ, ವ್ಯಾಪಾರದವರನ್ನು ಕರೆದು ಕೂರಿಸಿದ. ಅಡಿಕೆ, ಕಂಬಳಿ, ದವಸ ಎಲ್ಲ ಇಲ್ಲಿಂದ ಕೈ ಬದಲಾಗತೊಡಗಿತು. ಅಂದರೆ ಈ ಊರಿನಲ್ಲಿ ಶುರುವಿನಿಂದಲೂ ಹೊರಗಿನಿಂದ ಬಂದವರೇ ಊರಿನವರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಕೆಲವರಿಗೆ ಹೇಳಬೇಕಾಗುತ್ತದೆ.

ಆಮೇಲೆ 19ನೇ ಶತಮಾನದ ಕೊನೆಗೆ ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ರೈಲು ಬಂತು. 1901ರ ಜನಗಣತಿಯಲ್ಲಿ ಇಲ್ಲಿ ಹತ್ತು ಸಾವಿರ ಜನರ ಆಸುಪಾಸು ಇದ್ದರು. ಈಗ ಒಂದು ದೊಡ್ಡ ಮದುವೆಗೇ ಅಷ್ಟು ಎಲೆ ಬೀಳುತ್ತದೆ. 1930ರ ದಶಕದಲ್ಲಿ ಹತ್ತಿ ಗಿರಣಿ ಶುರುವಾಯಿತು. ಸುತ್ತ ಹತ್ತಿ ಬೆಳೆಯುವ ಕರಿ ಮಣ್ಣು, ಪಕ್ಕದಲ್ಲೇ ರೈಲು, ಪೇಟೆಯಲ್ಲಿ ದುಡ್ಡು. ಮೂರೂ ಕೂಡಿದವು. ಒಂದಾದ ಮೇಲೊಂದು ಮಿಲ್ಲು ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರು ಬಂದಿದ್ದು ಹಾಗೆ. ಹಳ್ಳಿಯಲ್ಲಿ ಮಳೆ ಕೈಕೊಟ್ಟವರು ಇಲ್ಲಿ ಪಾಳಿ ಹಿಡಿದರು. ಮಿಲ್ಲು ಇದ್ದ ಮೇಲೆ ಕಾರ್ಮಿಕ ಸಂಘ ಇರಲೇಬೇಕಲ್ಲ. 1978, 1983, 1985, ಮೂರು ಸಲ ಇಲ್ಲಿಂದ ವಿಧಾನಸಭೆಗೆ ಹೋದವರು ಕಮ್ಯುನಿಸ್ಟ್ ಪಕ್ಷದ, ಅಂದರೆ ಸಿಪಿಐನ, ಪಂಪಾಪತಿ. ಈಗಿನ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ದಾವಣಗೆರೆಯಲ್ಲಿ ಕೆಂಬಾವುಟವಾ ಅಂತ ನಗುತ್ತಾರೆ.

ಮಿಲ್ಲು ಒಂದೊಂದಾಗಿ ಮುಚ್ಚಿದವು. ದಾವಣಗೆರೆ ಕಾಟನ್ ಮಿಲ್ಸ್ ಹೆಸರು ಈಗ ಉಳಿದಿರುವುದು ಡಿಸಿಎಂ ಟೌನ್‌ಶಿಪ್ ಅನ್ನುವ ಬಡಾವಣೆಯಲ್ಲಿ. ಬಾಡಿಗೆ ಮನೆ ಹುಡುಕುವವರು ಡಿಸಿಎಂ ಅಂತಾರೆ, ಅಷ್ಟೇ. ಆದರೆ ಊರು ಸಣ್ಣದಾಗಲಿಲ್ಲ. ಮಿಲ್ಲು ನಡೆಯುತ್ತಿದ್ದಾಗಲೇ ಇನ್ನೊಂದು ಬಾಗಿಲು ತೆರೆದಿತ್ತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು, 1979ರಲ್ಲಿ ಡೆಂಟಲ್ ಕಾಲೇಜು ಮತ್ತು ಬಿಐಇಟಿ ಎಂಜಿನಿಯರಿಂಗ್ ಕಾಲೇಜು. ಅದರಲ್ಲಿ ಮೆಡಿಕಲ್, ಡೆಂಟಲ್ ಎರಡರ ವಿಳಾಸವೂ ಇದೇ ಬಿ ಬ್ಲಾಕ್. ಅಂದರೆ ಈ ಪಾರ್ಕಿನ ಸುತ್ತ ಇರುವ ಮನೆಗಳಿಗೆ ದಾರಿ ಹಾಕಿದ್ದು ಗಿರಣಿ ಅಲ್ಲ, ಕಾಲೇಜು.

ಅಂಕಲ್ ಬಂದರು, ಟ್ರ್ಯಾಕ್ ಬಿಡುತ್ತೇನೆ.

ಈ ಬೆಂಚಿನಲ್ಲಿ ಕೂತಿರುವ ಯಜಮಾನರು ಮುಖ ತೋರಿಸಬೇಡ ಅಂದರು, ಅದಕ್ಕೆ ಚಪ್ಪಲಿ ತೋರಿಸುತ್ತಿದ್ದೇನೆ. ಇವರ ಅಪ್ಪ ಮಿಲ್ಲಿನಲ್ಲಿದ್ದರು. ಇವರು ಬ್ಯಾಂಕಿನಲ್ಲಿದ್ದರು. ಮಗ ಸೊಸೆ ಬೆಂಗಳೂರಿನಲ್ಲಿದ್ದಾರೆ. ಕೆಳಗೆ ಇವರು, ಇವರ ಹೆಂಡತಿ. ಮೇಲಿನ ಎರಡು ಅಂತಸ್ತು ಪೂರ್ತಿ ಹುಡುಗಿಯರ ಪಿಜಿ. "ಮನೆ ನಂದಪ್ಪ, ಮಂದಿ ಬೇರೆ" ಅಂದರು. ಸುತ್ತ ಬೀದಿಗಳಲ್ಲಿ ತಲೆ ಎತ್ತಿ ನೋಡಿ. ಕೆಳಗೆ ತುಳಸಿಕಟ್ಟೆ, ರಂಗೋಲಿ. ಮೇಲೆ ಬಾಲ್ಕನಿ ತುಂಬ ಬಿಳಿ ಏಪ್ರನ್ ಒಣಗುತ್ತಿದೆ.

ಇಲ್ಲಿನ ಕೆಲವರು ಈ ಹುಡುಗ ಹುಡುಗಿಯರ ಬಗ್ಗೆ ದೂರುವುದನ್ನು ಕೇಳಬೇಕು. ರಾತ್ರಿ ಗಲಾಟೆ, ನೀರು ಖಾಲಿ ಮಾಡುತ್ತಾರೆ, ಹೊರಗಿನವರು. ಹೊರಗಿನವರಂತೆ! ಬಾಡಿಗೆ ಬೇಕು, ಬಾಡಿಗೆಯವರು ಬೇಡ. ಅಪೋಜಿರಾಮನ ಕಾಲದಿಂದ ಇಲ್ಲಿ ಹೊರಗಿನವರಲ್ಲದವರು ಯಾರಿದ್ದಾರೆ, ಸ್ವಲ್ಪ ಕೈ ಎತ್ತಿ.

ಈಗ ಸಂಜೆ. ಶಾಟ್ ಬದಲಾಗಿದ್ದು ಗೊತ್ತಾಯಿತಲ್ಲ, ಬೆಳಕು ಹಳದಿ ಆಗಿದೆ. ಬೆಳಿಗ್ಗೆ ಹುಡುಗರ ಪರ ಮಾತಾಡಿದೆ. ಈಗ ಈ ಬೀದಿ ನೋಡಿ. ಎರಡೂ ಕಡೆ ಬೈಕು, ನಡುವೆ ಕಾರು ಇರಲಿ, ಒಂದು ಎಮ್ಮೆಯೂ ಹೋಗುವ ಹಾಗಿಲ್ಲ. ಯಜಮಾನರ ಕಾಂಪೌಂಡ್ ಗೇಟಿಗೆ ಅಡ್ಡ ನಿಂತಿರುವುದು ಅವರ ಪಿಜಿಗೆ ಬಂದವರ ಗಾಡಿಯಲ್ಲ, ಪಕ್ಕದ ಬೀದಿಯವರದು. ಸರಿ, ದೂರುವವರ ಮಾತಿನಲ್ಲೂ ಸ್ವಲ್ಪ ನ್ಯಾಯ ಇದೆ.

ಮತ್ತೆ, ಈ ಭಾಗಕ್ಕೆ ನಾನು ಯಾಕೆ ಮನೆಗೆ ಹೋಗಿ ದನಿ ಕೊಡುತ್ತಿದ್ದೇನೆ ಅಂತ ಹೇಳಲೇಬೇಕು. ಗೇಟಿನ ಹತ್ತಿರ ಮಂಡಕ್ಕಿ ಗಾಡಿ ಕಾಣುತ್ತಿದೆಯಲ್ಲ, ಅದರ ಮೇಲೆ ಒಂದು ಚಿಕ್ಕ ಡಬ್ಬಿ ಇದೆ. ಫೋನಿನಿಂದ ದುಡ್ಡು ಹಾಕಿದರೆ ಕೂಗುವ ಡಬ್ಬಿ. ನಾನು ಎರಡು ಮೀಟರ್ ದೂರದಲ್ಲಿ ನಿಂತು ಜನಸಂಖ್ಯೆ ಬಗ್ಗೆ ಗಂಭೀರವಾಗಿ ಶುರು ಮಾಡಿದೆ. "2011ರ ಜನಗಣತಿ ಪ್ರಕಾರ ದಾವಣಗೆರೆಯಲ್ಲಿ..." ಅನ್ನುವಷ್ಟರಲ್ಲಿ ಡಬ್ಬಿ ಕೂಗಿತು, "ಮೂವತ್ತು ರೂಪಾಯಿ ಸ್ವೀಕರಿಸಲಾಗಿದೆ." ಮತ್ತೆ ಶುರು ಮಾಡಿದೆ. "2011ರ ಜನಗಣತಿ..." "ಅರವತ್ತು ರೂಪಾಯಿ ಸ್ವೀಕರಿಸಲಾಗಿದೆ." ಪಕ್ಕಕ್ಕೆ ಸರಿದೆ. ಅಲ್ಲಿ ಐಸ್ ಕ್ರೀಮ್ ಗಾಡಿಯವರ ಡಬ್ಬಿ. ಅದು ಹೆಂಗಸಿನ ದನಿ. ಒಂದು ಮೂವತ್ತು ಅಂದರೆ ಇನ್ನೊಂದು ನಲವತ್ತು ಅನ್ನುತ್ತದೆ. ಹರಾಜು ನಡೆಯುತ್ತಿದೆಯೇನೋ ಅನ್ನಬೇಕು. ಅಣ್ಣಾ, ಎರಡು ನಿಮಿಷ ದನಿ ಸ್ವಲ್ಪ ಕಡಿಮೆ ಮಾಡುತ್ತೀರಾ ಅಂದೆ. ಅವರು ಮೆಣಸಿನಕಾಯಿ ಎಣ್ಣೆಗೆ ಬಿಡುತ್ತಾ ಹೇಳಿದರು, "ಕಡಿಮೆ ಮಾಡಿದ್ರೆ ದುಡ್ಡು ಬಂತೋ ಇಲ್ವೋ ನಂಗೆ ಹೆಂಗೆ ಗೊತ್ತಾಗ್ಬೇಕು? ಈ ಹುಡುಗ್ರು ಫೋನು ತೋರ್ಸಿ ಓಡ್ತಾರೆ." ಅದೂ ನಿಜ. ನಾನು ಹೋಗಿ ಮೈಕಿಗೆ ಕರ್ಚೀಫು ಸುತ್ತಿದೆ. ಡಬ್ಬಿ ಇನ್ನೂ ಚೆನ್ನಾಗಿ ಕೇಳಿಸಿತು, ನನ್ನ ದನಿ ಹೋಯಿತು. ಕೊನೆಗೆ ಕ್ಯಾಮೆರಾ ಇಟ್ಟು ನಾನೂ ಒಂದು ಪ್ಲೇಟ್ ತೆಗೆದುಕೊಂಡೆ. ನರ್ಗಿಸ್ ಮಂಡಕ್ಕಿ, ಜೊತೆಗೆ ಎರಡು ಮಿರ್ಚಿ. ಮೂವತ್ತು ರೂಪಾಯಿ. ನಾನು ಹಾಕಿದ ದುಡ್ಡನ್ನೂ ಅದು ಊರಿಗೆಲ್ಲ ಸಾರಿತು.

ಆದರೆ ಅಲ್ಲೇ ನಿಂತು ತಿನ್ನುತ್ತಾ ಒಂದು ವಿಷಯ ಗಮನಿಸಿದೆ. ಐದು ಗಂಟೆಗೆ ಡಬ್ಬಿ ಸುಮ್ಮನಿತ್ತು. ಕ್ಲಾಸು, ಡ್ಯೂಟಿ ಮುಗಿಯುವ ಹೊತ್ತಿಗೆ ಬಿಡುವೇ ಇಲ್ಲದೆ ಕೂಗಿತು. ಏಳು ಆದ ಮೇಲೆ ಮೊತ್ತ ದೊಡ್ಡದಾಯಿತು, ನೂರು, ನೂರಾ ಇಪ್ಪತ್ತು. ಆಗ ಬಂದವರು ಮಕ್ಕಳು ಮರಿ ಕಟ್ಟಿಕೊಂಡು ಬಂದ ಮನೆಯವರು. ಬೆಳಗಿನ ಅಂಕಲ್‌ಗಳ ಲೆಕ್ಕ ಮಾತ್ರ ಡಬ್ಬಿಗೆ ಸಿಗಲಿಲ್ಲ. ಅವರು ನೋಟು ಕೊಡುತ್ತಾರೆ. ಚಿಲ್ಲರೆಗೆ ನಿಲ್ಲುತ್ತಾರೆ. ಕೊಡುವವರೆಗೆ ಕದಲುವುದಿಲ್ಲ.

ಈಗ ಆ ಸಂಖ್ಯೆ ಹೇಳುತ್ತೇನೆ, ಇಲ್ಲಿ ಯಾವ ಡಬ್ಬಿಯೂ ಇಲ್ಲ. 1971ರಲ್ಲಿ ದಾವಣಗೆರೆ ಜನಸಂಖ್ಯೆ ಸುಮಾರು 1.21 ಲಕ್ಷ. 2001ಕ್ಕೆ 3.64 ಲಕ್ಷ. 2011ಕ್ಕೆ ಸುಮಾರು 4.35 ಲಕ್ಷ. 1971ರಿಂದ 2001ಕ್ಕೆ, ಮೂವತ್ತು ವರ್ಷದಲ್ಲಿ ಮೂರು ಪಟ್ಟು! ಮಿಲ್ಲು ಮುಚ್ಚಿದ್ದೂ ಇದೇ ಮೂವತ್ತು ವರ್ಷದ ಒಳಗೇ. ನಡುವೆ 1997ರ ಆಗಸ್ಟ್ 15ಕ್ಕೆ, ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ, ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆ ಆಯಿತು. ಜಿಲ್ಲೆ ಆದ ಮೇಲೆ ಕಚೇರಿ, ಕಚೇರಿ ಆದ ಮೇಲೆ ನೌಕರರು, ಅವರಿಗೆ ಬಾಡಿಗೆ ಮನೆ. 2007ರಲ್ಲಿ ಮಹಾನಗರ ಪಾಲಿಕೆ ಆಯಿತು. ಈಗ 45 ವಾರ್ಡ್ ಇವೆ.

2011ರ ನಂತರದ ಸಂಖ್ಯೆ ಯಾಕೆ ಹೇಳುತ್ತಿಲ್ಲ ಅಂತ ಕೇಳಬೇಡಿ. 2021ರ ಜನಗಣತಿ ನಡೆಯಲೇ ಇಲ್ಲ. ಕೊರೊನಾ ಅಂದರು, ಮುಂದೂಡಿದರು. ಮುಂದಿನದಕ್ಕೆ ಲೆಕ್ಕದ ದಿನ ಅಂತ ಗೊತ್ತು ಮಾಡಿರುವುದು 2027ರ ಮಾರ್ಚ್ 1. ಅಲ್ಲಿಯವರೆಗೆ ನಮ್ಮ ಪಾರ್ಕಿನ ಜನ ಹದಿನೈದು ವರ್ಷ ಹಳೆಯ ಅಂಕಿಯಲ್ಲೇ ಬದುಕಬೇಕು. ಆಗ ಎಣಿಸಿದ ಡೆಂಟಲ್ ವಿದ್ಯಾರ್ಥಿ ಈಗ ಎಲ್ಲೋ ಸ್ವಂತ ಕ್ಲಿನಿಕ್ ಇಟ್ಟು, ತನ್ನದೇ ಹಲ್ಲಿಗೆ ಬೇರೆಯವರ ಹತ್ತಿರ ಹೋಗುತ್ತಿರಬೇಕು.

ಈ ಬಾಗಿಲ ಮೇಲಿನ ಸ್ಟಿಕ್ಕರ್ ಝೂಮ್ ಮಾಡಿದ್ದೇನೆ, ಸಂಖ್ಯೆ ಮಸುಕು ಮಾಡಿದ್ದೇನೆ. ಇದು ರಾಜ್ಯದ ಹಿಂದುಳಿದ ವರ್ಗಗಳ ಆಯೋಗ 2025ರ ಸೆಪ್ಟೆಂಬರ್ 22ರಿಂದ ಮಾಡಿದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯದು. ಕರೆಂಟ್ ಮೀಟರಿನ ಆರ್‌ಆರ್ ನಂಬರ್ ಹಿಡಿದು ಮನೆ ಗುರುತಿಸಿ ಅಂಟಿಸಿದ್ದು. ಮೇಷ್ಟ್ರುಗಳು ಮನೆ ಮನೆ ತಿರುಗಿ ಅರವತ್ತು ಪ್ರಶ್ನೆ ಕೇಳಿದರು. ಮಂಡಕ್ಕಿ ಗಾಡಿ ಹತ್ತಿರ ಸಿಕ್ಕ ಡೆಂಟಲ್ ಹುಡುಗಿಯನ್ನು ಕೇಳಿದೆ, ನಿನ್ನನ್ನು ಎಲ್ಲಿ ಬರೆದುಕೊಂಡರಮ್ಮ ಅಂತ. ಅವಳು ಬೀದರ್ ಕಡೆಯವಳು. "ಮನೆಯಾಗ ಅಪ್ಪ ಬರೆಸ್ಯಾರ್ರಿ" ಅಂದಳು. ಅಂದರೆ ಆ ಸಮೀಕ್ಷೆಯಲ್ಲಿ ಅವಳು ಬೀದರಿನವಳು. ಜನಗಣತಿಯವರು ಬಂದರೆ ಕಥೆ ಬೇರೆ. ಅವರು ಹಾಸ್ಟೆಲ್‌ಗಳನ್ನು ಸಾಂಸ್ಥಿಕ ಕುಟುಂಬ ಅಂತ ಬೇರೆಯಾಗಿಯೇ ಎಣಿಸುತ್ತಾರೆ, ವಾಸ ಇರುವ ಜಾಗದಲ್ಲಿ. ಆಗ ಅವಳು ದಾವಣಗೆರೆಯವಳು. ಒಂದೇ ಹುಡುಗಿ, ಒಂದೇ ಪ್ಲೇಟ್ ಮಿರ್ಚಿ. ನೀನೇನು ಅಂದುಕೊಂಡಿದ್ದೀಯ ಅಂದೆ. ಪರೀಕ್ಷೆ ಮುಗಿದರೆ ಸಾಕ್ರಿ ಅಂದಳು.

ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿ ನೀರು ಕುಡಿಯುವವರು ಇಲ್ಲಿಯ ಲೆಕ್ಕಕ್ಕೆ ಬರಬೇಕು. ಕುಂದುವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ, ಎರಡಕ್ಕೂ ಭದ್ರಾ ನಾಲೆಯಿಂದ ನೀರು ತುಂಬಿಸುತ್ತಾರೆ. ನಲ್ಲಿಗೆ ಬರುವುದರಲ್ಲಿ ಆ ನೀರೂ ಇದೆ. ನಾಲೆ ನಿಲ್ಲಿಸಿದ ತಿಂಗಳುಗಳಲ್ಲಿ ಕೆರೆಯಲ್ಲಿ ಉಳಿದಿದ್ದನ್ನು ನೋಡಿಕೊಂಡು ಬಳಸಬೇಕು. ಬಾಲ್ಕನಿಯ ಏಪ್ರನ್ ಎಲ್ಲ ಬಿಟ್ಟು ಕೆಳಗಿನ ತುಳಸಿಕಟ್ಟೆ ಮಾತ್ರ ಎಣಿಸಿದರೆ ಟ್ಯಾಂಕ್ ಎಷ್ಟು ದೊಡ್ಡದು ಬೇಕು ಅಂತ ಹೇಗೆ ಗೊತ್ತಾಗಬೇಕು?

ಮಂಡಕ್ಕಿ ವಿಷಯ ಅರ್ಧಕ್ಕೇ ಬಿಟ್ಟೆ. ಈ ಮಂಡಕ್ಕಿ ಬಿ ಬ್ಲಾಕ್‌ನಲ್ಲಿ ಹುಟ್ಟಿದ್ದಲ್ಲ. ರೈಲು ಹಳಿ ಆಚೆ, ಹಳೇ ಊರಿನ ಮಂಡಕ್ಕಿ ಭಟ್ಟಿಗಳಿಂದ ಬರುತ್ತದೆ. ಕಾದ ಮರಳಿನಲ್ಲಿ ಅಕ್ಕಿ ಅರಳಿಸುವ ಕೆಲಸ, ಬೇಸಿಗೆಯಲ್ಲೂ ಆ ಬೆಂಕಿ ಮುಂದೆಯೇ. ಬಹುಪಾಲು ಮುಸ್ಲಿಂ ಕುಟುಂಬಗಳು ತಲೆಮಾರಿನಿಂದ ಮಾಡಿಕೊಂಡು ಬಂದಿವೆ. ಹಳಿ ಈ ಊರನ್ನು ಎರಡು ಮಾಡಿದೆ ಅನ್ನುತ್ತಾರೆ. ಆಚೆ ಮಂಡಿಪೇಟೆ, ಚೌಕಿಪೇಟೆ, ದುಗ್ಗಮ್ಮನ ಗುಡಿ. ಈಚೆ ಕಾಲೇಜು, ಕ್ಲಿನಿಕ್ಕು, ಪಾರ್ಕು. ನಡುವೆ ಬಹಳ ವರ್ಷ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ಇತ್ತು. ಆ ಗೇಟ್ ಮುಂದೆ ಕಾಯುತ್ತಾ ಕೂದಲು ನೆರೆತವರು ನಮ್ಮ ಮನೆಯಲ್ಲೇ ಇದ್ದಾರೆ. ಭಟ್ಟಿಗಳ ಬಗ್ಗೆ ಬೇರೆಯೇ ವಿಡಿಯೊ ಮಾಡುತ್ತೇನೆ, ಇಲ್ಲಿ ತುರುಕಿದರೆ ಸರಿ ಹೋಗುವುದಿಲ್ಲ.

ವಾಚ್‌ಮನ್ ಸೀಟಿ ಊದುತ್ತಿದ್ದಾರೆ, ಗೇಟ್ ಹಾಕುವ ಹೊತ್ತು. ಹೊರಗೆ ಬಂದೆ, ಬ್ಯಾಟರಿಯೂ ಕೆಂಪಾಗಿದೆ. 1980ಕ್ಕಿಂತ ಮೊದಲು ಬಿ ಬ್ಲಾಕ್‌ನಲ್ಲಿ ಸೈಟ್ ತೆಗೆದುಕೊಂಡವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ, ಆಗ ಎಷ್ಟು ಕೊಟ್ಟಿದ್ದರು, ಮೊದಲ ಬಾಡಿಗೆಯವರು ಯಾವ ಊರಿನವರು ಅಂತ ಕೇಳಿ ಕೆಳಗೆ ಬರೆಯಿರಿ. ಹಳೆಯ ಕ್ರಯಪತ್ರದ ಫೋಟೊ ಹಾಕಬೇಡಿ ಮಾರಾಯರೆ, ಮೊತ್ತ ಬರೆದರೆ ಸಾಕು. ನಾನು ಈಗ ನನ್ನ ಬೈಕಿಗೆ ಅಡ್ಡ ಇರುವ ನಾಲ್ಕು ಗಾಡಿ ಸರಿಸಬೇಕು. ಸಿಗೋಣ.