ಮೂಕಿಯ ಭಾರ

ಕೇಳುಗರಿಗೆ ನಮಸ್ಕಾರ.

ಶೆಡ್ಡಿನ ಮುಂದೆ ನಿಂತಿರುವ ಟ್ರೇಲರನ್ನು ಹಿತ್ತಲಿನ ಮೂಲೆಗೆ ಸಾಗಿಸಬೇಕು. ದೂರ ಎಷ್ಟು? 40 ಮೀಟರು. ಮಿನಿ ಟ್ರ್ಯಾಕ್ಟರ್ ಇದೆ, ಕೀಲಿ ತಿರುಗಿಸಿದರೆ ಆಯಿತು. ಈ ‘ಆಯಿತು’ ಅನ್ನುವ ಮಾತಿನ ಬಗ್ಗೆಯೇ ಇವತ್ತು ಸ್ವಲ್ಪ ಹೊತ್ತು ಮಾತಾಡೋಣ ಅಂತ ಬಂದಿದ್ದೇನೆ. ರಸ್ತೆಗೆ ಇಳಿಸುವಾಗ ಸರಪಳಿ, ದೀಪ, ಬ್ರೇಕು ಎಲ್ಲವನ್ನೂ ನೋಡುವ ಮನುಷ್ಯ, ತನ್ನದೇ ಜಾಗದೊಳಗಾದರೆ ಟ್ರೇಲರನ್ನು ಜೋಡಿಸುವ ಪಿನ್ನಿಗೆ ಕ್ಲಿಪ್ಪನ್ನೂ ಹಾಕುವುದಿಲ್ಲ. ನಾನೂ ಹಾಕುತ್ತಿರಲಿಲ್ಲ.

ಮಿನಿ ಟ್ರ್ಯಾಕ್ಟರ್ ಅಂದರೆ 20ರಿಂದ 40 ಅಶ್ವಶಕ್ತಿಯದ್ದು ಅಂತಿಟ್ಟುಕೊಳ್ಳಿ. ಮೈತೂಕ ಸುಮಾರು 700 ಕಿಲೋದಿಂದ ಒಂದೂವರೆ ಟನ್ನು. ಚಿಕ್ಕ ಜಾಗದಲ್ಲಿ ತಿರುಗುತ್ತದೆ, ಲೋ ಗೇರಿನಲ್ಲಿ ಆಮೆ ನಡೆದ ಹಾಗೆ ನಡೆಯುತ್ತದೆ. ಕಾರು ಕ್ಲಚ್ ಸುಟ್ಟುಕೊಂಡು ಒದ್ದಾಡುವ ಕೆಲಸ ಇದಕ್ಕೆ ಆಟ. ಸಮತಟ್ಟು ನೆಲದಲ್ಲಿ ತನ್ನ ತೂಕದ ಎರಡು ಪಟ್ಟು ಭಾರದ ಟ್ರೇಲರನ್ನೂ ಗೊಣಗದೆ ಕದಲಿಸಿಬಿಡುತ್ತದೆ. ನಾವು ಮೋಸ ಹೋಗುವುದೂ ಅಲ್ಲೇ. ಕದಲಿಸುವುದಕ್ಕೆ ಎಂಜಿನ್ನು ಮತ್ತು ಗೇರು ಸಾಕು. ನಿಲ್ಲಿಸುವುದಕ್ಕೆ ಬೇಕಾದದ್ದು ಟೈರು ನೆಲದ ಮೇಲೆ ಹಾಕುವ ತೂಕ. ಅದು ಮಿನಿ ಟ್ರ್ಯಾಕ್ಟರಿಗೆ ಕಡಿಮೆ. ಬ್ರೇಕಿಲ್ಲದ ಟ್ರೇಲರಿನ ಒಟ್ಟು ತೂಕ ಟ್ರ್ಯಾಕ್ಟರಿನ ತೂಕದ ಒಂದೂವರೆ ಪಟ್ಟು ಮೀರಬಾರದು ಅಂತ ಕೆಲವು ಕೈಪಿಡಿಗಳಲ್ಲಿ ಅಚ್ಚು ಮಾಡಿರುತ್ತಾರೆ. ನಿಮ್ಮ ಟ್ರ್ಯಾಕ್ಟರಿನ ಕೈಪಿಡಿ ಇನ್ನೂ ಕಡಿಮೆ ಹೇಳಿದರೆ ಅದನ್ನೇ ನಂಬಿ.

ಈಗ ಹುಕ್ಕಿನ ವಿಷಯ. ಟ್ರ್ಯಾಕ್ಟರಿನ ಹಿಂದೆ ಟ್ರೇಲರ್ ಕಟ್ಟಲು ಎರಡು ಜಾಗ ಕಾಣುತ್ತವೆ. ಒಂದು, ಕೆಳಗೆ ಗಟ್ಟಿಯಾಗಿ ಕೂತಿರುವ ಡ್ರಾಬಾರ್, ಅಂದರೆ ಎಳೆಯುವ ಪಟ್ಟಿ. ಇನ್ನೊಂದು, ಹೈಡ್ರಾಲಿಕ್ಕಿನಿಂದ ಮೇಲೆ ಕೆಳಗೆ ಆಡುವ ಎರಡು ತೋಳುಗಳ ನಡುವೆ ಅಡ್ಡಪಟ್ಟಿ ಹಾಕಿ, ಅದರ ಮೇಲೆ ಕೂರಿಸಿದ ಬಾಲು, ಅಂದರೆ ಕಬ್ಬಿಣದ ಗುಂಡು, ಅಥವಾ ಪಿನ್ನು. ಅಂಗಳದ ಕೆಲಸಕ್ಕೆ ಎಲ್ಲರಿಗೂ ಎರಡನೆಯದೇ ಪ್ರಿಯ, ನನಗೂ ಅಷ್ಟೇ. ಟ್ರೇಲರಿನ ಜಾಕನ್ನು ಕೂತು ತಿರುಗಿಸುವ ಕಷ್ಟವಿಲ್ಲ. ಹಿಂದಕ್ಕೆ ಬಂದು, ಬಾಲನ್ನು ಟ್ರೇಲರಿನ ತುದಿಯ ಬಟ್ಟಲಿನಂಥ ಕಪ್ಪಿನ ಕೆಳಗೆ ತಂದು, ಲಿವರ್ ಎತ್ತಿದರೆ ಮೂಕಿ ತಾನಾಗಿ ಮೇಲೇಳುತ್ತದೆ. ಮೂಕಿ ಅನ್ನುವ ಗಾಡಿಯವರ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಟ್ರೇಲರಿನ ಮುಂದೆ ಚಾಚಿಕೊಂಡ ಆ ಕಂಬಿಗೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಸಿಕ್ಕಿಲ್ಲ.

ಆ ಎತ್ತುವ ತೋಳುಗಳ ಹಿಂದೆ ಒಂದು ಕಥೆಯಿದೆ. ಮೊದಲ ಮಹಾಯುದ್ಧದ ಆಸುಪಾಸಿನ ಟ್ರ್ಯಾಕ್ಟರುಗಳಲ್ಲಿ ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ, ಹಿಂದಿನ ಗಾಲಿ ನಿಂತು, ಟ್ರ್ಯಾಕ್ಟರಿನ ಮೂತಿ ಆಕಾಶಕ್ಕೆ ಎದ್ದು, ಚಾಲಕನ ಮೇಲೆಯೇ ಮಗುಚಿಕೊಳ್ಳುತ್ತಿತ್ತು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಇದಕ್ಕೆ ಮದ್ದು ಹುಡುಕುತ್ತ ನೇಗಿಲನ್ನು ಟ್ರ್ಯಾಕ್ಟರಿಗೇ ಮೂರು ಕಡೆ ಹಿಡಿಸಿದರು. 1926ರಲ್ಲಿ ಪೇಟೆಂಟ್ ಸಿಕ್ಕಿತು. 1939ರಲ್ಲಿ ಫೋರ್ಡ್ ಟ್ರ್ಯಾಕ್ಟರಿನಲ್ಲಿ ಬಂದ ಮೇಲೆ ಲೋಕವೆಲ್ಲ ಹರಡಿತು. ಮೇಲಿನ ಮೂರನೆಯ ತೋಳು, ಅಂದರೆ ಟಾಪ್ ಲಿಂಕ್, ಮೂತಿಯನ್ನು ಕೆಳಕ್ಕೆ ಒತ್ತಿ ಹಿಡಿಯುವುದೇ ಅದರ ಗುಟ್ಟು. ಆದರೆ ನಾವು ಟ್ರೇಲರ್ ಕಟ್ಟುವಾಗ ಏನು ಮಾಡುತ್ತೇವೆ? ಕೆಳಗಿನ ಎರಡು ತೋಳಿಗೆ ಅಡ್ಡಪಟ್ಟಿ ಸಿಕ್ಕಿಸಿ, ಟಾಪ್ ಲಿಂಕನ್ನು ಬಿಚ್ಚಿ ಶೆಡ್ಡಿನ ಗೋಡೆಗೆ ತೂಗುಹಾಕುತ್ತೇವೆ. ಫರ್ಗ್ಯುಸನ್ನರ ಜಾಣತನವೂ ಗೋಡೆಯ ಮೇಲೇ ಉಳಿಯುತ್ತದೆ.

ಹಾಗಾಗಿ ಖಾಲಿ ಟ್ರೇಲರನ್ನು ಸಮತಟ್ಟಿನಲ್ಲಿ ಅತ್ತಿತ್ತ ಸರಿಸಲು ಮಾತ್ರ ಎತ್ತುವ ತೋಳು. ಭಾರ ತುಂಬಿದ್ದರೆ, ಏರು ಇದ್ದರೆ, ಕೆಸರಿನಲ್ಲಿ ಹೂತದ್ದನ್ನು ಎಳೆಯುವುದಿದ್ದರೆ ಡ್ರಾಬಾರೇ ಆಗಬೇಕು. ಎಳೆತ ಎಷ್ಟು ಮೇಲಿನಿಂದ ಬೀಳುತ್ತದೋ ಮುಂದಿನ ಗಾಲಿ ಅಷ್ಟು ಹಗುರಾಗುತ್ತದೆ. ಹಿಂದಿನ ಅಚ್ಚಿಗಿಂತ ಮೇಲೆ ಎಲ್ಲಿಗೇ ಆಗಲಿ, ಸೀಟಿನ ಕೆಳಗಿನ ಕಂಬಿಗೋ, ಮಗುಚಿದರೆ ಚಾಲಕನನ್ನು ಕಾಯುವ ಸುರಕ್ಷಾ ಕಮಾನಿಗೋ ಸರಪಳಿ ಕಟ್ಟಿ ಎಳೆದರೆ, ಮಗುಚುವುದಕ್ಕೆ ನೀವೇ ಆಹ್ವಾನ ಕೊಟ್ಟ ಹಾಗೆ. ಮೂತಿ ಎದ್ದು, ಮತ್ತೆ ಇಳಿಯಲಾಗದ ಹಂತ ಮುಟ್ಟಲು ಮುಕ್ಕಾಲು ಸೆಕೆಂಡು ಸಾಕು. ಕ್ಲಚ್ ತುಳಿಯಬೇಕು ಅಂತ ಹೊಳೆಯುವಷ್ಟರಲ್ಲಿ ಕಾಲ ಮೀರಿರುತ್ತದೆ. ಸ್ವೀಡನ್ 1959ರಷ್ಟು ಹಿಂದೆಯೇ ಹೊಸ ಟ್ರ್ಯಾಕ್ಟರುಗಳಿಗೆ ಸುರಕ್ಷಾ ಚೌಕಟ್ಟು ಕಡ್ಡಾಯ ಮಾಡಿತು. ಮಿನಿ ಟ್ರ್ಯಾಕ್ಟರುಗಳಲ್ಲಿ ಆ ಕಮಾನು ಹೆಚ್ಚಾಗಿ ಮಡಚುವಂಥದ್ದು. ತಗ್ಗಿನ ಶೆಡ್ಡಿನೊಳಗೆ ಹೋಗಲಿ ಅಂತ ಮಡಚುತ್ತೇವೆ, ಹೊರಗೆ ಬಂದ ಮೇಲೆ ಎತ್ತಲು ಮರೆಯುತ್ತೇವೆ. ಎತ್ತಿ ನಿಲ್ಲಿಸಿ, ಬೆಲ್ಟ್ ಹಾಕಿಕೊಳ್ಳಿ.

ಇನ್ನು ಮೂಕಿಯ ಮೇಲಿನ ಭಾರ. ಒಂದೇ ಅಚ್ಚಿನ ಟ್ರೇಲರ್ ಅಂದರೆ ತಕ್ಕಡಿ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಮೂಕಿಯ ಮೇಲೆ ಕೂತರೆ ಹದ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಆಗ ಎತ್ತುವ ತೋಳು ನಿಮ್ಮ ಕೈಬಿಡುತ್ತದೆ, ಯಾಕೆಂದರೆ ಬಹುತೇಕ ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್ಕು ಎತ್ತುತ್ತದೆಯೇ ಹೊರತು ಕೆಳಕ್ಕೆ ಒತ್ತುವುದಿಲ್ಲ. ಮೂಕಿ ಎದ್ದರೆ ತೋಳುಗಳೂ ಅದರ ಜೊತೆ ಎದ್ದು ಕುಣಿಯುತ್ತವೆ.

ಇದನ್ನು ನಾನು ಓದಿ ಕಲಿಯಲಿಲ್ಲ. ಒಮ್ಮೆ ಚಪ್ಪಡಿ ಕಲ್ಲು ತುಂಬಿದ ಟ್ರೇಲರನ್ನು ತಂದು ನಿಲ್ಲಿಸಿ ಇಳಿಸಲು ಶುರು ಮಾಡಿದೆವು. ಕೈಗೆ ಸುಲಭವಾಗಿ ಸಿಗುತ್ತವೆ ಅಂತ ಮುಂದಿನವನ್ನೇ ಮೊದಲು ಇಳಿಸಿದೆವು. ಅರ್ಧ ಆದ ಮೇಲೆ, ಟ್ರ್ಯಾಕ್ಟರ್ ಬೇರೆ ಕೆಲಸಕ್ಕೆ ಬೇಕು ಅಂತ ಯಾರೋ ಕರೆದರು. ಪಿನ್ನು ಬಿಗಿಯಾಗಿತ್ತು. ಯಾಕೆ ಬಿಗಿಯಾಗಿದೆ ಅಂತ ಯೋಚಿಸುವ ಬದಲು ಸುತ್ತಿಗೆಯಿಂದ ಹೊಡೆದೆ. ಪಿನ್ನು ಹಾರಿತು, ಮೂಕಿ ನನ್ನ ಗಲ್ಲದ ಪಕ್ಕದಿಂದ ಮೇಲಕ್ಕೆ ಹೋಯಿತು, ಉಳಿದ ಚಪ್ಪಡಿಗಳೆಲ್ಲ ಹಿಂದಿನಿಂದ ಜಾರಿ ನೆಲಕ್ಕೆ ಬಿದ್ದವು. ಇಳಿಸುವ ಕೆಲಸವೇನೋ ಒಂದೇ ಸಲಕ್ಕೆ ಮುಗಿಯಿತು. ಆದರೆ ಗಲ್ಲ ಮತ್ತು ಮೂಕಿಯ ನಡುವೆ ಉಳಿದದ್ದು ನಾಲ್ಕು ಬೆರಳಿನ ಅಂತರ. ಈಗ ಹಿಂದಿನಿಂದ ಇಳಿಸುತ್ತೇನೆ. ಪಿನ್ನು ಬಿಗಿಯಾಗಿದ್ದರೆ ಅದು ನನಗೆ ಏನೋ ಹೇಳುತ್ತಿದೆ ಅಂತ ನಿಂತು ನೋಡುತ್ತೇನೆ.

ಇಳಿಜಾರಿನ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ಕಾಗದ ಪೆನ್ನು ಬೇಡ, ಸುಮ್ಮನೆ ಕೇಳಿ. ಟ್ರ್ಯಾಕ್ಟರ್ 900 ಕಿಲೋ, ಟ್ರೇಲರ್ 2,000 ಕಿಲೋ, ಅಂದರೆ ಆಗಲೇ ಹೇಳಿದ ಒಂದೂವರೆ ಪಟ್ಟನ್ನು ಮೀರಿದ್ದೇ. ಎರಡೂ ಸೇರಿ 2,900. ನೆಲ 10 ಮೀಟರಿಗೆ ಒಂದು ಮೀಟರ್ ಇಳಿಯುತ್ತದೆ. ಅಂಥ ಕಡೆ ಎರಡನ್ನೂ ಕೆಳಕ್ಕೆ ದೂಡುವ ಬಲ ತೂಕದ ಹತ್ತನೇ ಒಂದು ಭಾಗ, ಸುಮಾರು 290 ಕಿಲೋ. ತಡೆಯುವವರು ಯಾರು? ಟ್ರ್ಯಾಕ್ಟರಿನ ಬ್ರೇಕು ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗೆ ಮಾತ್ರ. ಆ ಗಾಲಿಗಳ ಮೇಲೆ ಮೂಕಿಯ ಭಾರವೂ ಸೇರಿ ಸುಮಾರು 700 ಕಿಲೋ ಇದೆ ಅನ್ನೋಣ. ಒದ್ದೆ ಹುಲ್ಲಿನ ಮೇಲೆ ಟೈರಿನ ಹಿಡಿತ ತನ್ನ ಮೇಲಿನ ತೂಕದ ನೂರಕ್ಕೆ 30ರಷ್ಟು ಅಂತಿಟ್ಟುಕೊಂಡರೆ ಸಿಗುವ ತಡೆ 210. ದೂಡುವುದು 290, ತಡೆಯುವುದು 210. ಗಾಲಿ ಲಾಕಾಗಿ ನಿಂತಿದ್ದರೂ ಗಾಡಿ ಜಾರುತ್ತಲೇ ಇರುತ್ತದೆ. ಬ್ರೇಕು ಎಷ್ಟೇ ಹೊಸದಾಗಿರಲಿ, ಈ ಲೆಕ್ಕ ಬದಲಾಗುವುದಿಲ್ಲ.

ಈಗ ಫೋರ್ ವೀಲ್ ಹಾಕಿ. ಮುಂದಿನ ಗಾಲಿ ಹಿಂದಿನದಕ್ಕೆ ಗೇರಿನ ಮೂಲಕ ಜೋಡಣೆಯಾಗುವುದರಿಂದ ನಾಲ್ಕೂ ತಡೆಯತೊಡಗುತ್ತವೆ. ತೂಕ ಮೂಕಿಯ 200 ಸೇರಿ 1,100, ತಡೆ 330. ಸ್ವಲ್ಪದರಲ್ಲಿ ಉಳಿದುಕೊಂಡಿರಿ. ಹೆಚ್ಚಿನವರು ಫೋರ್ ವೀಲನ್ನು ಏರು ಹತ್ತುವುದಕ್ಕೆ ಅಂತ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಇಳಿಯುವಾಗಲೇ ಅದರ ಬೆಲೆ ಗೊತ್ತಾಗುವುದು. ಇಳಿಜಾರಿನ ತಲೆಯ ಮೇಲೆ ನಿಂತು, ಲೋ ರೇಂಜಿಗೆ ಹಾಕಿ, ಎಡ ಬಲ ಬ್ರೇಕ್ ಪೆಡಲುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ, ಆಮೇಲೆ ಇಳಿಯಿರಿ. ಒಂದೇ ಪೆಡಲಿಗೆ ಕಾಲು ಬಿದ್ದರೆ ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ, ಹಿಂದಿನ ಟ್ರೇಲರ್ ಅದನ್ನು ದೂಡಿ ಮಡಚಿಹಾಕುತ್ತದೆ. ನಡುವೆ ಗೇರ್ ಬದಲಿಸುವ ಆಸೆಯೂ ಬೇಡ. ಮೂಕಿಯ ಭಾರ ಸರಿಯಿಲ್ಲದೆ ಟ್ರೇಲರ್ ಹಿಂಭಾರವಾಗಿದ್ದರೆ ಆ 700 ಇನ್ನೂ ಇಳಿಯುತ್ತದೆ ಅನ್ನುವುದನ್ನು ನೀವೇ ಊಹಿಸಿಕೊಂಡಿರುತ್ತೀರಿ.

ಹಿಂದಕ್ಕೆ ತೆಗೆಯುವ ವಿದ್ಯೆಗೆ ಬರೋಣ. ಸ್ಟೇರಿಂಗಿನ ತಲೆಯನ್ನು ಹಿಡಿಯುವ ಬದಲು ಬುಡವನ್ನು ಹಿಡಿಯಿರಿ. ಟ್ರೇಲರಿನ ಬಾಲ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿ. ಎಡಬಲದ ಗೊಂದಲ ಅರ್ಧ ಕರಗುತ್ತದೆ. ಇನ್ನೊಂದು ವಿಚಿತ್ರ: ಚಿಕ್ಕ ಟ್ರೇಲರೇ ಹೆಚ್ಚು ತುಂಟ. ಮೂಕಿಯಿಂದ ಅಚ್ಚಿಗೆ ದೂರ ಕಡಿಮೆ ಇರುವುದರಿಂದ ಕಣ್ಣು ಮಿಟುಕಿಸುವುದರೊಳಗೆ ಮಡಚಿಕೊಳ್ಳುತ್ತದೆ. ಉದ್ದನೆಯದು ನಿಧಾನವಾಗಿ ಮಾತು ಕೇಳುತ್ತದೆ. ಮಡಚಿಕೊಂಡದ್ದನ್ನು ಹಿಂದಕ್ಕೆ ದೂಡಿಯೇ ಬಿಡಿಸುವ ಹಟ ಬೇಡ. ಎರಡು ಮೀಟರ್ ಮುಂದೆ ಎಳೆದರೆ ನೇರವಾಗುತ್ತದೆ, ಯಾರೂ ನಗುವುದಿಲ್ಲ. ನಕ್ಕರೆ ಅವರ ಕೈಗೆ ಸ್ಟೇರಿಂಗ್ ಕೊಡಿ.

ಮುಂದಿನ ಲೋಡರಿಗೆ ಬಾಲು ಕೂರಿಸಿಕೊಂಡು ಟ್ರೇಲರನ್ನು ಎದುರಿಗಿಟ್ಟು ದೂಡುವವರೂ ಇದ್ದಾರೆ. ಇಕ್ಕಟ್ಟಿನ ಶೆಡ್ಡಿಗೆ ಸೇರಿಸಲು ಇದಕ್ಕಿಂತ ಸುಖ ಇಲ್ಲ. ದಿಕ್ಕಿನ ತಿರುವುಮುರುವು ಇಲ್ಲೂ ಇದ್ದೇ ಇದೆ, ಆದರೆ ಕತ್ತು ತಿರುಗಿಸಬೇಕಾಗಿಲ್ಲ, ಬಾಲು ಎಷ್ಟು ಸರಿಯಿತು ಅನ್ನುವುದು ಕಣ್ಣೆದುರಿಗೇ ಕಾಣುತ್ತದೆ. ಮೂಕಿಯ ಭಾರ ಮುಂದಿನ ಅಚ್ಚಿಗೆ ಬೀಳುವುದರಿಂದ ಹಿಂದೆ ತೂಕ ಕಟ್ಟಿರಬೇಕು, ಲೋಡರ್ ತಗ್ಗಿನಲ್ಲೇ ಇರಬೇಕು. ಇಳಿಜಾರಿನಲ್ಲಿ ಮಾತ್ರ ಈ ಆಟ ಬೇಡ.

ದೋಣಿ ಸಾಗಿಸುವ ಕೆಲವು ಟ್ರೇಲರುಗಳಲ್ಲಿ ಗಾಲಿಯ ಬ್ರೇಕನ್ನು ಒತ್ತುವ ಸಾಧನ ಮೂಕಿಯೊಳಗೇ ಇರುತ್ತದೆ. ಮುಂದಿನ ಗಾಡಿ ನಿಧಾನವಾದಾಗ ಟ್ರೇಲರ್ ಒತ್ತುತ್ತದಲ್ಲ, ಆ ಒತ್ತಡಕ್ಕೇ ಬ್ರೇಕು ಹಿಡಿಯುತ್ತದೆ. ಅಂಥದ್ದನ್ನು ಏರಿನಲ್ಲಿ ಹಿಂದಕ್ಕೆ ದೂಡಿದರೆ, ನಿಲ್ಲಿಸುತ್ತಿದ್ದಾರೆ ಅಂತ ತಿಳಿದು ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಟ್ರ್ಯಾಕ್ಟರ್ ಸೋತಿತು ಅಂತ ಆಕ್ಸಿಲರೇಟರ್ ಒತ್ತುವ ಮೊದಲು ಅದನ್ನು ತಡೆಯುವ ಕೀಲು ಇದೆಯೇ ನೋಡಿ. ಎರಡು ಅಚ್ಚಿನ ಟ್ರೇಲರನ್ನು ಬಿಗಿಯಾಗಿ ತಿರುಗಿಸಿದರೆ ಟೈರುಗಳು ಅಡ್ಡಡ್ಡ ಉಜ್ಜಿ ನೆಲ ಕೀಳುತ್ತವೆ, ದೊಡ್ಡ ಸುತ್ತು ಹಾಕಿ. ಹಿಂಭಾಗ ತಗ್ಗಿರುವ ಟ್ರೇಲರಾದರೆ ಮೂಕಿಯನ್ನು ತುಂಬ ಎತ್ತಬೇಡಿ, ಬಾಲ ನೆಲಕ್ಕೆ ಉಜ್ಜುತ್ತದೆ. ಬಹಳ ದಿನ ನಿಂತದ್ದಾದರೆ ಗಾಳಿ ನೋಡಿ, ಬ್ರೇಕು ಡ್ರಮ್ಮಿಗೆ ಕಚ್ಚಿಕೊಂಡಿರಬಹುದು. ಎಳೆದ ತಕ್ಷಣ ಒಂದು ಗಾಲಿ ಉರುಳದೆ ಗೆರೆ ಎಳೆಯುತ್ತಿದ್ದರೆ ಅದೇ ಕಾರಣ.

ಜೊತೆಗೆ ಒಬ್ಬರು ದಾರಿ ತೋರಿಸಲು ಇದ್ದರೆ ಒಳ್ಳೆಯದು. ಆದರೆ ಅವರು ಟ್ರ್ಯಾಕ್ಟರ್ ಮತ್ತು ಟ್ರೇಲರಿನ ನಡುವೆ ನಿಂತು ಮೂಕಿಯನ್ನು ಕೈಯಲ್ಲಿ ಹಿಡಿದು ‘ಬಾ ಬಾ’ ಅನ್ನುವುದು ಬೇಡ. ಪಕ್ಕದಲ್ಲಿ, ನಿಮ್ಮ ಕಣ್ಣಿಗೆ ಕಾಣುವ ಕಡೆ ನಿಲ್ಲಲಿ. ಅವರು ಕಣ್ಣಿಗೆ ಮರೆಯಾದ ಕ್ಷಣ ನೀವು ನಿಲ್ಲಿ.

ಕಡೆಗೆ ಬಿಚ್ಚುವುದು. ಮೊದಲು ಗಾಲಿಯ ಎರಡೂ ಕಡೆ ಕಲ್ಲೋ ಮರದ ತುಂಡೋ ಅಡ್ಡ ಕೊಡಿ. ಜಾಕಿನ ಪಾದದ ಕೆಳಗೆ ಹಲಗೆ ಇಡಿ, ಮಣ್ಣು ಹಸಿಯಾಗಿದ್ದರೆ ಬೆಳಗಾಗುವುದರೊಳಗೆ ಜಾಕು ಹೂತಿರುತ್ತದೆ. ಜಾಕು ಭಾರ ಹೊತ್ತ ಮೇಲೆ ಕ್ಲಿಪ್ಪು, ಪಿನ್ನು, ಸರಪಳಿ, ದೀಪದ ವೈರು. ವೈರು ಮರೆತು ಮುಂದೆ ಹೋದವರ ಪಟ್ಟಿಯಲ್ಲಿ ನನ್ನ ಹೆಸರು ಎರಡು ಸಲ ಇದೆ. ಪಿನ್ನನ್ನು ಜೇಬಿಗೆ ಹಾಕಿಕೊಳ್ಳಬೇಡಿ, ಟ್ರೇಲರಿನ ಮೂಕಿಯ ತೂತಿಗೇ ಸಿಕ್ಕಿಸಿ ಕ್ಲಿಪ್ ಹಾಕಿಡಿ. ಮುಂದಿನ ಸಲ ಬೇಕಾದಾಗ ಅಲ್ಲೇ ಇರುತ್ತದೆ.

ನಮಸ್ಕಾರ.