ಅಪ್ಪನ ಹತ್ತಿರ ಸೈಕಲ್ ಕೇಳಬೇಡಿ

ನಮಸ್ಕಾರ. ಕಳೆದ ವಾರ ನನ್ನ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ವಯಸ್ಸು ಇಪ್ಪತ್ತೊಂದು, ಮೈಸೂರಿನಲ್ಲಿ ಕೆಲಸಕ್ಕೆ ಸೇರಿ ಐದು ತಿಂಗಳಾಗಿದೆ. ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟಕ್ಕೆ ಸೈಕಲ್ ತುಳಿಯುವವರನ್ನು ನೋಡಿ ನೋಡಿ ಅವನಿಗೂ ಒಂದು ಒಳ್ಳೆಯ ಗೇರ್ ಸೈಕಲ್ ಬೇಕೆನಿಸಿದೆ. ಬೆಲೆ ಮೂವತ್ತು ಸಾವಿರ. ಮನೆಯಲ್ಲಿ ಬಾಯಿಬಿಟ್ಟದ್ದೇ ತಡ, "ಅಷ್ಟು ದುಡ್ಡಿಗೆ ಹಳೆಯ ಸ್ಕೂಟರೇ ಬರುತ್ತದಲ್ಲೋ" ಎಂದರಂತೆ ಚಿಕ್ಕಪ್ಪ. "ಅಣ್ಣಾ, ನೀನು ಸ್ವಲ್ಪ ಹೇಳು" ಎಂದು ನನ್ನನ್ನು ವಕಾಲತ್ತಿಗೆ ಕರೆದ. ನಾನು ಒಲ್ಲೆ ಎಂದೆ.

ಚಿಕ್ಕಪ್ಪ ಜಿಪುಣರಲ್ಲ. ಒಳಪೆಡಲ್ ಹೊಡೆದು ಸೈಕಲ್ ಕಲಿತು, ಎರಡೂ ಕಡೆ ಹಾಲಿನ ಕ್ಯಾನು ನೇತುಹಾಕಿಕೊಂಡು ವರ್ಷಗಟ್ಟಲೆ ತುಳಿದವರು. ಸ್ಕೂಟರ್ ಬಂದ ದಿನವೇ ಆ ಸೈಕಲ್ ಹಿತ್ತಿಲು ಸೇರಿತು. ಸಾಲದ್ದಕ್ಕೆ, 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಸರ್ಕಾರವೇ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಇವನಿಗೂ ಒಂದು ಸಿಕ್ಕಿತ್ತು. ತಾನು ಬೆವರು ಸುರಿಸಿ ಬಿಟ್ಟು ಬಂದದ್ದು, ಮಗನಿಗೆ ಪುಕ್ಕಟೆ ಸಿಕ್ಕಿದ್ದು, ಅದಕ್ಕೆ ಈಗ ಮೂವತ್ತು ಸಾವಿರ ಕೊಡು ಎಂದರೆ ಯಾವ ಅಪ್ಪನಿಗೆ ಅರ್ಥವಾಗಬೇಕು?

ಒಂದು ವೇಳೆ ಕೊಟ್ಟರೆನ್ನಿ, ಕಷ್ಟ ಆಗಲೇ ಶುರು. ಮಳೆ ಬಂದು ಎರಡು ದಿನ ಸೈಕಲ್ ಹೊರಗೆ ತೆಗೆಯದಿದ್ದರೆ "ಮೂವತ್ತು ಸಾವಿರ ಮೂಲೆಯಲ್ಲಿ ನಿಂತಿದೆ" ಎಂಬ ಮಾತು ಕಾಫಿಯ ಜೊತೆಗೇ ಬರುತ್ತದೆ. ಅದಕ್ಕೇ ಹೇಳುತ್ತಿದ್ದೇನೆ: ತಿಂಗಳಿಗೆ ಮೂರು ಸಾವಿರ ಎತ್ತಿಡಿ. ಹತ್ತು ತಿಂಗಳು. ಕಂತಿನ ಸಾಲ ಮಾತ್ರ ಬೇಡ. ಆ ಹತ್ತು ತಿಂಗಳು ಸ್ನೇಹಿತರ ಸೈಕಲ್ಲನ್ನೋ ಬಾಡಿಗೆಯದನ್ನೋ ತುಳಿಯಿರಿ. ಆಸೆ ಮೂರನೆಯ ತಿಂಗಳಿಗೇ ಇಳಿದುಹೋದರೆ ಒಂಬತ್ತು ಸಾವಿರ ಲಾಭ.

ಕೊಳ್ಳುವಾಗ ಶಾಕ್ ಅಬ್ಸಾರ್ಬರಿಗೆ ಮರುಳಾಗಬೇಡಿ. ನಮ್ಮ ಹುಡುಗರು ಜಾರಿಬೀಳುವುದೇ ಇಲ್ಲಿ. ಅಗ್ಗದ ಸೈಕಲ್ಲಿನ ಶಾಕ್ ಗುಂಡಿಯ ಪೆಟ್ಟನ್ನು ಕುಡಿಯುವುದಕ್ಕಿಂತ ನಿಮ್ಮ ಕಾಲಿನ ಶಕ್ತಿಯನ್ನು ಹೆಚ್ಚು ಕುಡಿಯುತ್ತದೆ, ತೂಕ ಬೇರೆ. ಡಾಂಬರು ರಸ್ತೆಯಲ್ಲಿ ಓಡಾಡುವವರಿಗೆ ಮುಂದಿನ ಚಕ್ರ ಹಿಡಿಯುವ ಕವಲಿನಲ್ಲಿ (ಫೋರ್ಕ್) ಶಾಕ್ ಇಲ್ಲದ ಹೈಬ್ರಿಡ್, ಅಂದರೆ ರೇಸ್ ಸೈಕಲ್ಲಿಗೂ ಬೆಟ್ಟದ ಸೈಕಲ್ಲಿಗೂ ನಡುವಿನದು, ಸಾಕು. ಬಣ್ಣಕ್ಕಿಂತ ಮೊದಲು ಫ್ರೇಮಿನ ಅಳತೆ ನೋಡಿ. ಅಳತೆ ತಪ್ಪಿದ ಸೈಕಲ್ಲಿಗೆ ಎಷ್ಟು ಗೇರಿದ್ದರೂ ಬೆನ್ನು ನೋವು ತಪ್ಪುವುದಿಲ್ಲ. ಹೆಲ್ಮೆಟ್, ಬೀಗ, ಪಂಪು, ದೀಪ, ಪಂಕ್ಚರ್ ಕಿಟ್ ಎಂದು ನಾಲ್ಕೈದು ಸಾವಿರವನ್ನು ಮೊದಲೇ ಬದಿಗಿಡಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ. ಹಳೆಯದಾದರೂ ನಡೆಯುತ್ತದೆ, ಬೆಸುಗೆ ಬಿರುಕು ಬಿಟ್ಟಿದೆಯೇ, ಚಕ್ರ ಬೆಂಡಾಗಿದೆಯೇ ಎಂದು ತಿರುಗಿಸಿ ನೋಡಿ. ಹೊಸ ಸೈಕಲ್ ಕೊಂಡು ಎರಡು ಸಲ ಮಾತ್ರ ತುಳಿದವರು ಊರಿಗೆ ಹತ್ತು ಜನರಿರುತ್ತಾರೆ.

ಮನೆಗೆ ತಂದ ದಿನ ಬೆಲೆ ಕೇಳಿದರೆ ಸುಳ್ಳು ಹೇಳಬೇಡಿ, ಅದು ನಿಮ್ಮದೇ ದುಡ್ಡು. ಚಿಕ್ಕಪ್ಪ ಏನು ಮಾಡುತ್ತಾರೆಂದು ನನಗೆ ಈಗಲೇ ಗೊತ್ತು. ಹೆಬ್ಬೆರಳಿನಿಂದ ಟೈರ್ ಒತ್ತಿ ನೋಡುತ್ತಾರೆ, ಬೆಲ್ ಹುಡುಕುತ್ತಾರೆ. ಆಮೇಲೆ, "ಮೂವತ್ತು ಸಾವಿರ ಕೊಟ್ಟೆಯಲ್ಲ, ಇದರ ಸ್ಟ್ಯಾಂಡ್ ಎಲ್ಲೋ? ಮಡ್‌ಗಾರ್ಡ್ ಎಲ್ಲಿ, ಕ್ಯಾರಿಯರ್ ಎಲ್ಲಿ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಮಾತ್ರ ನನ್ನ ಹತ್ತಿರವೂ ಉತ್ತರವಿಲ್ಲ.